ಪುಷ್ಪಕದ ಎರಡನೇ ಸೀಟು

ರಾಮಾಯಣದ ಪುಷ್ಪಕ ವಿಮಾನದ ಬಗ್ಗೆ ನಮ್ಮ ಹಿರಿಯರ ಬಾಯಲ್ಲಿ ಒಂದು ಮಾತಿದೆ: ಎಷ್ಟು ಜನ ಹತ್ತಿದರೂ ಅದರಲ್ಲಿ ಇನ್ನೊಬ್ಬರಿಗೆ ಜಾಗ ಉಳಿದೇ ಇರುತ್ತದೆ. 1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ಪುಷ್ಪಕ್ ಮೊದಲ ಸಲ ಹಾರಿದಾಗ ಅದರಲ್ಲಿ ಇದ್ದದ್ದು ಎರಡೇ ಸೀಟು, ಅದೂ ಪಕ್ಕಪಕ್ಕದಲ್ಲಿ. 90 ಅಶ್ವಶಕ್ತಿಯ ಎಂಜಿನ್, ತಲೆಯ ಮೇಲೆ ಅಗಲವಾದ ರೆಕ್ಕೆ, ಬಟ್ಟೆ ಹೊದಿಸಿದ ಮೈ, ಎದೆಯ ಕೆಳಗೆ ಎರಡು ಗಾಲಿ, ಬಾಲದ ತುದಿಗೆ ಅಂಗೈಯಗಲದ ಇನ್ನೊಂದು ಗಾಲಿ. ಇಂಥ ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಒಂದು ಸೀಟಿನಲ್ಲಿ ಗುರು, ಇನ್ನೊಂದರಲ್ಲಿ ಕಲಿಯುವವರು. ಒಂದು ತಲೆಮಾರಿನ ಎಷ್ಟೋ ಯುವಕರೂ ಬೆರಳೆಣಿಕೆಯ ಯುವತಿಯರೂ ಮೊದಲ ಸಲ ನೆಲ ಬಿಟ್ಟದ್ದು ಆ ಇನ್ನೊಂದು ಸೀಟಿನಲ್ಲಿ ಕೂತು.

ಭಾರತದ ವಿಮಾನ ನಿರ್ಮಾಣದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎರಡು ಹೆಸರುಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ: 1961ರಲ್ಲಿ ಹಾರಿದ ಮರುತ್, 2001ರಲ್ಲಿ ಹಾರಿದ ತೇಜಸ್. ಎರಡೂ ಜೆಟ್, ಎರಡೂ ಯುದ್ಧವಿಮಾನ. ಆ ಇತಿಹಾಸದಲ್ಲಿ ಪುಟ್ಟ ತರಬೇತಿ ವಿಮಾನಗಳಿಗೆ ಸಿಗುವುದು ಒಂದು ಪ್ಯಾರಾ, ಹೆಚ್ಚೆಂದರೆ ಒಂದು ಫೋಟೋ. ಮೈಸೂರು ಸಂಸ್ಥಾನದ ಕೈಗಾರಿಕೆಗಳ ಬಗ್ಗೆ ಸಂಶೋಧನೆ ಮಾಡುತ್ತ, ಮಧುರೆಯಿಂದ ಬೆಂಗಳೂರಿನ ಗ್ರಂಥಾಲಯಗಳಿಗೆ ಬಸ್ಸಿನಲ್ಲಿ ಓಡಾಡುವ ನನಗೆ ಆ ಒಂದು ಪ್ಯಾರಾ ಸಾಲದು ಅನ್ನಿಸತೊಡಗಿದ್ದು ಈಚೆಗೆ. ಕಡತಗಳಲ್ಲಿ ಬಂಡವಾಳ ಸಿಗುತ್ತದೆ, ಎಕರೆ ಸಿಗುತ್ತದೆ, ಎಂಜಿನ್ನಿನ ಶಕ್ತಿ ಸಿಗುತ್ತದೆ. ಆದರೆ ಆ ವಿಮಾನ ಹಾರಿಸುವುದರಲ್ಲಿ ಜನ ಕಂಡ ಸಂತೋಷ ಎಂಥದು, ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿತು ಅನ್ನುವುದು ಸಿಗುವುದಿಲ್ಲ. ಆ ಸಂತೋಷ ಕೆಲವು ಶ್ರೀಮಂತರ ಶೋಕಿಯಾಗಿ ಮುಗಿಯಬಹುದಿತ್ತು. ನಮ್ಮಲ್ಲಿ ಅದನ್ನು ಕಲಿಸಲು ಸರ್ಕಾರವೇ ಕಾರ್ಖಾನೆ ನಡೆಸಿತು, ಶಾಲೆ ತೆರೆಯಿತು. ಹಾಗಾಗಿ ಅದಕ್ಕೂ ಒಂದು ಇತಿಹಾಸವಿದೆ.

ಹಿಂದಕ್ಕೆ ತಳ್ಳುವ ಗಾಡಿ

ಬಾಲದ ಗಾಲಿಯ ವಿಮಾನ ಯಾಕೆ ಬೇರೆ ಅನ್ನುವುದನ್ನು ಮೊದಲು ತಿಳಿಯಬೇಕು. ಇವತ್ತು ನಾವು ದೇವನಹಳ್ಳಿಯಲ್ಲಿ ಹತ್ತುವ ಎಲ್ಲ ವಿಮಾನಗಳಿಗೂ ಮೂಗಿನ ಕೆಳಗೆ ಒಂದು ಗಾಲಿ ಇರುತ್ತದೆ. ನೆಲದ ಮೇಲೆ ಅವು ಮಟ್ಟಸವಾಗಿ ನಿಲ್ಲುತ್ತವೆ. ಹಳೆಯ ವಿಮಾನಗಳು ಹಾಗಲ್ಲ. ಅವುಗಳ ಮುಖ್ಯ ಗಾಲಿಗಳೆರಡು ಮುಂದೆ, ಸಣ್ಣ ಗಾಲಿ ಬಾಲದಲ್ಲಿ. ಅದಕ್ಕೇ ಅವು ಮೂಗನ್ನು ಆಕಾಶಕ್ಕೆತ್ತಿ ಕೂತಿರುತ್ತವೆ. ಟೇಲ್‌ವೀಲ್, ಟೇಲ್‌ಡ್ರ್ಯಾಗರ್ ಅನ್ನುವ ಹೆಸರುಗಳು ಬಂದದ್ದು ಇದರಿಂದಲೇ.

ಈ ಜೋಡಣೆಗೆ ಕಾರಣಗಳಿದ್ದವು. ಆಗಿನ ವಿಮಾನ ನಿಲ್ದಾಣವೆಂದರೆ ಹುಲ್ಲಿನ ಬಯಲು. ಗುಂಡಿ, ಕಲ್ಲು, ದಿಣ್ಣೆ ಎಲ್ಲ ಇರುತ್ತಿದ್ದವು. ಮೂಗು ಎತ್ತರದಲ್ಲಿದ್ದರೆ ತಿರುಗುವ ಪ್ರೊಪೆಲ್ಲರ್ ನೆಲಕ್ಕೆ ತಾಗುವುದಿಲ್ಲ. ಮೂಗಿನ ಕೆಳಗೊಂದು ಗಟ್ಟಿ ಕಾಲು ಕೊಡುವುದಕ್ಕಿಂತ ಬಾಲಕ್ಕೊಂದು ಪುಟ್ಟ ಗಾಲಿ ಕೊಡುವುದು ಹಗುರ, ಖರ್ಚೂ ಕಡಿಮೆ.

ತೊಂದರೆ ಇರುವುದು ತೂಕದ ಜಾಗದಲ್ಲಿ. ಈ ವಿಮಾನದ ತೂಕದ ಕೇಂದ್ರ ಮುಖ್ಯ ಗಾಲಿಗಳ ಹಿಂದೆ ಬೀಳುತ್ತದೆ. ಎತ್ತಿನ ಗಾಡಿಯನ್ನು ಮುಂದಕ್ಕೆ ಎಳೆದರೆ ಅದು ಎತ್ತಿನ ಹಿಂದೆ ತಾನೇ ನೇರವಾಗಿ ಬರುತ್ತದೆ. ಅದೇ ಗಾಡಿಯ ಎತ್ತು ಬಿಚ್ಚಿ, ಮೂಕಿ ಹಿಡಿದು ಹಿಂದಕ್ಕೆ ತಳ್ಳಿ ನೋಡಿ. ಒಂದು ಗೇಣು ಅತ್ತಿತ್ತ ಆದರೂ ಅದು ಇನ್ನಷ್ಟು ಅತ್ತ ತಿರುಗುತ್ತದೆ, ತಿರುಗಿದಷ್ಟೂ ಇನ್ನೂ ತಿರುಗುತ್ತದೆ. ಬಾಲದ ಗಾಲಿಯ ವಿಮಾನ ನೆಲದ ಮೇಲೆ ಓಡುವಾಗ ಹೀಗೆಯೇ ವರ್ತಿಸುತ್ತದೆ. ಅದು ಸ್ವಲ್ಪ ಓರೆಯಾದದ್ದನ್ನು ಹಾಗೇ ಬಿಟ್ಟರೆ ಹಿಂದಿನ ಭಾರ ಮುಂದಕ್ಕೆ ಬರಲು ನೋಡುತ್ತದೆ, ವಿಮಾನ ಬುಗುರಿಯಂತೆ ಸುತ್ತಿ ರೆಕ್ಕೆಯ ತುದಿಯನ್ನು ನೆಲಕ್ಕೆ ತಾಗಿಸುತ್ತದೆ. ಗ್ರೌಂಡ್ ಲೂಪ್ ಎಂದು ಇದಕ್ಕೆ ಹೆಸರು. ಮೂಗಿನ ಗಾಲಿಯ ವಿಮಾನದಲ್ಲಿ ಭಾರ ಮುಂದಿರುವುದರಿಂದ ಅದು ಸಣ್ಣಪುಟ್ಟ ಓರೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಬಾಲದ ಗಾಲಿಯದು ಆ ಕೆಲಸವನ್ನು ಪೈಲಟ್‌ನ ಕಾಲಿಗೆ ಬಿಡುತ್ತದೆ.

ಕಾಲಿಗೆ ಅನ್ನುವುದು ಅಕ್ಷರಶಃ ನಿಜ. ಬಾಲದ ಚುಕ್ಕಾಣಿಯಾದ ರಡ್ಡರ್ ಅನ್ನು ತಿರುಗಿಸುವುದು ಪಾದದಡಿಯ ಎರಡು ಪೆಡಲ್‌ಗಳು. ಓಡುವಾಗ ಎಡಗಾಲು ತುಸು, ಬಲಗಾಲು ತುಸು, ಮತ್ತೆ ಎಡಗಾಲು. ಒಂದು ಕ್ಷಣವೂ ಬಿಡುವಿಲ್ಲ. ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ದೊಡ್ಡಬಳ್ಳಾಪುರ ನೇಯ್ಗೆಯ ಊರು. ವಿದ್ಯುತ್ ಮಗ್ಗದ ಸದ್ದು ತುಂಬುವ ಮೊದಲು ನನ್ನ ತಾಯಿಯ ತಂದೆ ಗುಂಡಿಮಗ್ಗದಲ್ಲಿ ಕೂತು ನೇಯುತ್ತಿದ್ದರು. ಕೈ ಲಾಳಿ ಓಡಿಸುತ್ತಿರುವಾಗ ಗುಂಡಿಯೊಳಗಿನ ಕಾಲುಗಳು ಹಲಗೆ ತುಳಿಯುತ್ತಲೇ ಇರುತ್ತಿದ್ದವಂತೆ. ನೋಡುವವರಿಗೆ ಕಾಣುವುದು ಕೈ, ಬಟ್ಟೆ ಹಾಳಾಗದಂತೆ ಕಾಯುವುದು ಕಾಲು. ಬಾಲದ ಗಾಲಿಯ ವಿಮಾನ ಹಾರಿಸುವುದೂ ಇಂಥ ಗುಂಡಿಮಗ್ಗದ ಕೆಲಸ.

ಮೈಸೂರಿನ 700 ಎಕರೆ

1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಲವು ಕಡೆ ಪ್ರಯತ್ನಿಸಿದ ಮೇಲೆ ಅವರ ಕೈ ಹಿಡಿದದ್ದು ಮೈಸೂರು ಸಂಸ್ಥಾನ. ಸರ್ ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಸಂಸ್ಥಾನ 700 ಎಕರೆ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. ಎರಡನೇ ಮಹಾಯುದ್ಧದ ಕಾಲ. ಹೊಸ ಕಾರ್ಖಾನೆಯಿಂದ 1941ರಲ್ಲಿ ಹೊರಬಂದ ಮೊದಲ ವಿಮಾನ ಅಮೆರಿಕದ ವಿನ್ಯಾಸದ ಹಾರ್ಲೋ, ಎರಡು ಸೀಟಿನ ತರಬೇತಿ ವಿಮಾನ. ಅದರ ಬಾಲಕ್ಕೂ ಒಂದು ಗಾಲಿ ಇತ್ತು. ಬೆಂಗಳೂರು ಮೊದಲು ಕಟ್ಟಿದ್ದು ಕಲಿಯುವ ವಿಮಾನವನ್ನು ಅನ್ನುವುದು ನೆನಪಿಡಬೇಕಾದ ಸಂಗತಿ.

ಅದು ಇನ್ನೊಬ್ಬರ ವಿನ್ಯಾಸ. ನಮ್ಮದೇ ವಿನ್ಯಾಸಕ್ಕೆ ಹತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದವರು ಡಾ. ವಿ. ಎಂ. ಘಾಟಗೆ. ಕೊಲ್ಹಾಪುರದ ಕಡೆಯವರು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಸಂಶೋಧನೆ ಮಾಡಿದವರು. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಪ್ರಾಂಟ್ಲ್ ಒಬ್ಬರು. ಘಾಟಗೆಯವರು ಕಾರ್ಖಾನೆ ಸೇರಿದ್ದಲ್ಲದೆ, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದನ್ನೂ ಕಟ್ಟಿದರು. ಅವರ ತಂಡದ ಎಚ್‌ಟಿ–2, ಅಂದರೆ ಹಿಂದೂಸ್ತಾನ್ ಟ್ರೈನರ್–2, 1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿಯವರ ಕೈಯಲ್ಲಿ ಮೊದಲ ಬಾರಿಗೆ ಹಾರಿತು.

ಎಚ್‌ಟಿ–2 ಪೂರ್ತಿ ಲೋಹದ ವಿಮಾನ. ರೆಕ್ಕೆ ಕೆಳಗೆ, ಸೀಟುಗಳು ಒಂದರ ಹಿಂದೆ ಒಂದು, ತಲೆಯ ಮೇಲೆ ಗಾಜಿನ ಮುಚ್ಚಳ, ಬಾಲದಲ್ಲಿ ಗಾಲಿ. ಮೊದಲ ಮಾದರಿಗೆ ಜಿಪ್ಸಿ ಮೇಜರ್ ಎಂಜಿನ್ ಇತ್ತು, ಆಮೇಲೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಬಂತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 10.72 ಮೀಟರ್. ಗಂಟೆಗೆ ಸುಮಾರು 209 ಕಿಲೋಮೀಟರ್ ಅದರ ಗರಿಷ್ಠ ವೇಗ. ಆಕಾಶದಲ್ಲಿ ಪಲ್ಟಿ ಹೊಡೆಯುವುದನ್ನೂ ಸುತ್ತು ಹಾಕುವುದನ್ನೂ ಕಲಿಸುವಷ್ಟು ಗಟ್ಟಿ. 170ಕ್ಕೂ ಹೆಚ್ಚು ತಯಾರಾದವು. 1959ರಲ್ಲಿ ಘಾನಾ ದೇಶ ತನ್ನ ವಾಯುಪಡೆ ಕಟ್ಟಿಕೊಂಡಾಗ ಅಲ್ಲಿಗೆ 12 ಎಚ್‌ಟಿ–2ಗಳು ಹೋದವು. ಹೊಸದಾಗಿ ಸ್ವತಂತ್ರವಾದ ಒಂದು ದೇಶಕ್ಕೆ ಹಾರಲು ಕಲಿಸಿದ ವಿಮಾನ ಬೆಂಗಳೂರಿನದು.

1963ರಲ್ಲಿ ಬೀದರಿನಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ಶುರುವಾದಾಗ ಅಲ್ಲಿನ ವಿಮಾನವೂ ಇದೇ. ಜೆಟ್ ಯುಗ ಆಗಲೇ ಬಂದಿತ್ತು. ಆದರೂ ಶಬ್ದಕ್ಕಿಂತ ವೇಗದ ವಿಮಾನ ಹಾರಿಸಲು ಹೊರಟ ಹುಡುಗ ಮೊದಲು ಬೀದರಿನ ಕೆಂಪು ನೆಲದ ಮೇಲೆ ಪಾದಗಳಿಂದ ವಿಮಾನವನ್ನು ನೇರವಾಗಿ ಓಡಿಸಲು ಕಲಿಯುತ್ತಿದ್ದ. ಎಚ್‌ಟಿ–2 ವಾಯುಪಡೆಯಿಂದ ನಿವೃತ್ತವಾದದ್ದು 1990ರಲ್ಲಿ. ಜೆಟ್‌ಗಳ ಇತಿಹಾಸವನ್ನೂ ಈ ಪುಟ್ಟ ಗಾಲಿಯಿಂದಲೇ ಆರಂಭಿಸಬೇಕು ಅನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಜಕ್ಕೂರು, 1949

ವಾಯುಪಡೆಯ ಹೊರಗೂ ಒಂದು ಕಥೆ ನಡೆಯುತ್ತಿತ್ತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1940ರ ದಶಕದ ಕೊನೆಗೆ, ಯಲಹಂಕದ ದಾರಿಯ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಆರಂಭವಾಯಿತು. ಅದರ ಹೊಣೆ ಹೊತ್ತವರು ಮಹಾರಾಜರ ವಿಮಾನದ ಪೈಲಟ್ ಆಗಿದ್ದ ವಿ. ಸುಂದರಂ. ಆ ಶಾಲೆಯಿಂದ 1949ರಲ್ಲಿ ಕಲಿತು ಹೊರಬಂದ ಮೊದಲಿಗರು ಅವರ ಪತ್ನಿ ಉಷಾ ಸುಂದರಂ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಗಂಡಹೆಂಡತಿ ಒಟ್ಟಿಗೆ ಮಹಾರಾಜರ ಡಕೋಟ ಹಾರಿಸಿದರು. 1952ರಲ್ಲಿ ಲಂಡನ್‌ನಿಂದ ಮುಂಬಯಿಗೆ ಡವ್ ವಿಮಾನವನ್ನು 27 ಗಂಟೆಗಳಲ್ಲಿ ತಂದರು.

ಪತ್ರಿಕೆಗಳಲ್ಲಿ ಉಷಾ ಅವರ ಹೆಸರು ಬರುವುದು ಈ 27 ಗಂಟೆಗಳ ಸಲುವಾಗಿ, ಅಥವಾ ಅವರು ಯಾರು ಯಾರನ್ನು ಕರೆದೊಯ್ದರು ಅನ್ನುವ ಸಲುವಾಗಿ. ನನ್ನ ಕುತೂಹಲ ಇರುವುದು ಅದಕ್ಕೂ ಮುಂಚಿನ ಜಕ್ಕೂರಿನ ಬೆಳಗುಗಳಲ್ಲಿ. ಆ ಕಾಲದ ಭಾರತದ ತರಬೇತಿಯ ಮುಖ್ಯ ವಿಮಾನ ಟೈಗರ್ ಮಾತ್. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ್ದು. ಮೇಲೊಂದು ಕೆಳಗೊಂದು ಎರಡು ರೆಕ್ಕೆ, ತೆರೆದ ಕಾಕ್‌ಪಿಟ್, 130 ಅಶ್ವಶಕ್ತಿಯ ಜಿಪ್ಸಿ ಮೇಜರ್. ಬಾಲದಲ್ಲಿ ಹೆಚ್ಚಿನವಕ್ಕೆ ಗಾಲಿಯೂ ಇಲ್ಲ, ನೆಲಕ್ಕೆ ಉಜ್ಜುವ ಒಂದು ಕೊಕ್ಕೆ ಮಾತ್ರ. ಬ್ರೇಕ್ ಇಲ್ಲ. ಎಂಜಿನ್ ಶುರುಮಾಡಲು ಸ್ಟಾರ್ಟರ್ ಇಲ್ಲ, ಒಬ್ಬರು ಎದುರು ನಿಂತು ಪ್ರೊಪೆಲ್ಲರ್ ಅನ್ನು ಕೈಯಿಂದ ಎಳೆದು ತಿರುಗಿಸಬೇಕು. ಸ್ವಿಚ್ ಆನ್ ಆಗಿದೆಯೋ ಇಲ್ಲವೋ ಎಂದು ಇಬ್ಬರೂ ಗಟ್ಟಿಯಾಗಿ ಕೂಗಿ ಖಚಿತ ಮಾಡಿಕೊಂಡ ಮೇಲೆಯೇ ಕೈ ಹಾಕುವುದು, ಇಲ್ಲದಿದ್ದರೆ ಕೈಯೇ ಹೋದೀತು.

ಗುರು ಮುಂದಿನ ಸೀಟು, ಶಿಷ್ಯರು ಹಿಂದಿನ ಸೀಟು. ಇಬ್ಬರ ನಡುವೆ ರೇಡಿಯೋ ಇಲ್ಲ, ಒಂದು ರಬ್ಬರ್ ಕೊಳವೆ. ಒಂದು ಕೊನೆಯಲ್ಲಿ ಗುರುವಿನ ಬಾಯಿ, ಇನ್ನೊಂದು ಕೊನೆಯಲ್ಲಿ ಶಿಷ್ಯರ ಕಿವಿ. ಗಾಳಿಯ ಅಬ್ಬರದಲ್ಲಿ ಆ ಕೊಳವೆಯಿಂದ ಬರುವ ಮಾತು ಅರ್ಧಂಬರ್ಧ. ಉಳಿದರ್ಧ ಬರುವುದು ಪೆಡಲ್‌ನಿಂದ. ಎರಡೂ ಸೀಟಿನ ಪೆಡಲ್‌ಗಳು, ಸ್ಟಿಕ್‌ಗಳು ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಗುರುವಿನ ಕಾಲು ಒತ್ತಿದ್ದು ಶಿಷ್ಯರ ಪಾದಕ್ಕೆ ತಿಳಿಯುತ್ತದೆ. ಅಮ್ಮ ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಓಂಕಾರ ಬರೆಸುವ ಹಾಗೆ. ಕೊಳವೆಯ ಮಾತು ಯಾವ ದಾಖಲೆಗೂ ಹೋಗುವುದಿಲ್ಲ, ಪಾದದ ಮಾತಂತೂ ಮೊದಲೇ ಹೋಗುವುದಿಲ್ಲ. ಹಾರಾಟದ ಇತಿಹಾಸದ ಬಹುಪಾಲು ಕಳೆದುಹೋಗಿರುವುದು ಹೀಗೆ.

ಬಟ್ಟೆಯ ಮೈ, ಕಾಲಿನ ನೆನಪು

ಪುಷ್ಪಕ್‌ಗೆ ಮರಳೋಣ. ಅದು ಅಮೆರಿಕದ ಏರೋಂಕಾ ಚೀಫ್‌ನ ವಂಶದ್ದು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಟ್ಟೆ. ಬಟ್ಟೆಯ ಮೇಲೆ ಡೋಪ್ ಎಂಬ ಮೆರುಗೆಣ್ಣೆಯಂಥ ದ್ರವವನ್ನು ಪದರ ಪದರವಾಗಿ ಬಳಿಯುತ್ತಾರೆ. ಅದು ಒಣಗುತ್ತ ಬಟ್ಟೆಯನ್ನು ಎಳೆದು ಬಿಗಿಯುತ್ತದೆ. ಬೆಂಕಿಗೆ ಕಾಯಿಸಿದ ತಮಟೆಯಂತೆ ಬಿಗಿ. ಬೆರಳಲ್ಲಿ ತಟ್ಟಿದರೆ ನಾದ ಬರುತ್ತದೆ. ಹಾಸಿನ ನೂಲಿಗೆ ಗಂಜಿ ಹಾಕುವುದನ್ನು ನೋಡಿ ಬೆಳೆದವರಿಗೆ ಈ ಕೆಲಸದ ಮರ್ಮ ಬೇಗ ತಿಳಿಯುತ್ತದೆ. ನೇಯ್ದ ಬಟ್ಟೆಯೇ ರೆಕ್ಕೆಯಾಗಿ ಇಬ್ಬರನ್ನು ಹೊತ್ತು ಹಾರುತ್ತದೆ ಎಂದಾಗ ನನ್ನ ಅಜ್ಜಿ ನಂಬಲಿಲ್ಲ.

1960ರ ದಶಕದಲ್ಲಿ ಮೊದಲು ಟೈಗರ್ ಮಾತ್, ಆಮೇಲೆ ಪುಷ್ಪಕ್ ಹಾರಿಸಿದ್ದ ಹಿರಿಯರೊಬ್ಬರನ್ನು ಅವರ ಮನೆಯಲ್ಲಿ ಕಂಡು ಮಾತಾಡಿಸಿದ್ದೆ. ಇಸವಿ ಕೇಳಿದರೆ ತಡವರಿಸುತ್ತಿದ್ದರು, ಹೆಸರುಗಳು ಮರೆತಿದ್ದವು. ಇಳಿಯುವುದು ಹೇಗೆ ಹೇಳಿ ಸರ್ ಎಂದು ಕೇಳಿದೆ. ನೋಡಮ್ಮಾ ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿದರು. ಕೈ ನಿಧಾನವಾಗಿ ತಮ್ಮತ್ತ ಬಂತು. ಪಾದಗಳು ನೆಲದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕದಲಿದವು. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ಇಳಿತವನ್ನು ಆ ಕಾಲುಗಳು ಒಂದು ಹೆಜ್ಜೆಯೂ ತಪ್ಪದೆ ಮುಗಿಸಿದವು. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಹೇಗೆ ಬರೆದುಕೊಳ್ಳಬೇಕೋ ತಿಳಿಯಲಿಲ್ಲ.

ಅವರು ಹೇಳಿದ ಇನ್ನೊಂದು ವಿವರ ನನಗೆ ಯಾವ ಕಡತಕ್ಕಿಂತಲೂ ಹೆಚ್ಚಿನದಾಗಿ ಕಂಡಿತು. ಟೈಗರ್ ಮಾತ್ ಹಾರಿಸಿದವರಿಗೆ ಪುಷ್ಪಕ್ ಹತ್ತಿದಾಗ ಮೊದಲು ಮೋಸವಾಗುವುದು ಕಾಲಿಗೆ. ಇಂಗ್ಲೆಂಡಿನ ಜಿಪ್ಸಿ ಮೇಜರ್, ಪೈಲಟ್ ಕೂತು ನೋಡಿದರೆ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಏರುವಾಗ ವಿಮಾನ ಬಲಕ್ಕೆ ಎಳೆಯುತ್ತದೆ, ಎಡಗಾಲು ಒತ್ತಬೇಕು. ಪುಷ್ಪಕ್‌ನ ಅಮೆರಿಕದ ಕಾಂಟಿನೆಂಟಲ್ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಅದು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಬೇಕು. ಭಾರತದ ಹಾರಾಟ ಇಂಗ್ಲೆಂಡಿನ ನೆರಳಿನಿಂದ ಅಮೆರಿಕದ ಕಡೆಗೆ ಸರಿದದ್ದನ್ನು ಇತಿಹಾಸಕಾರರು ಒಪ್ಪಂದಗಳಲ್ಲಿ ಹುಡುಕುತ್ತಾರೆ. ಆ ಪೈಲಟ್‌ಗಳಿಗೆ ಅದು ತಿಳಿದದ್ದು ಎಡಗಾಲಿನ ಕೆಲಸ ಬಲಗಾಲಿಗೆ ಬಂದಾಗ.

ಸಂತೋಷ ಯಾವುದು?

ಈ ವಿಮಾನಗಳನ್ನು ಹಾರಿಸಿದವರ ಮಾತಿನಲ್ಲಿ ವೇಗದ ಹೊಗಳಿಕೆ ಕೇಳುವುದಿಲ್ಲ. ಪುಷ್ಪಕ್ ಹೆದ್ದಾರಿಯ ಕಾರಿಗಿಂತ ಬಹಳ ಜೋರಾಗೇನೂ ಹೋಗುತ್ತಿರಲಿಲ್ಲ. ಸಂತೋಷ ನೆಲದಿಂದಲೇ ಶುರುವಾಗುತ್ತದೆ. ಮೂಗು ಎತ್ತರಕ್ಕಿರುವುದರಿಂದ ನೇರ ಮುಂದೆ ಏನೂ ಕಾಣುವುದಿಲ್ಲ. ಹಾಗಾಗಿ ರನ್‌ವೇಯವರೆಗೆ ಹಾವಿನಂತೆ ಅಂಕುಡೊಂಕಾಗಿ, ಒಮ್ಮೆ ಎಡಗಡೆ ಇಣುಕಿ ಒಮ್ಮೆ ಬಲಗಡೆ ಇಣುಕಿ ಹೋಗಬೇಕು. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಸ್ವಲ್ಪ ಓಡಿದ ಮೇಲೆ, ಇನ್ನೂ ನೆಲದ ಮೇಲಿರುವಾಗಲೇ, ಬಾಲ ಮೇಲೇಳುತ್ತದೆ. ಮೂಗು ತಗ್ಗುತ್ತದೆ, ಅಷ್ಟು ಹೊತ್ತು ಮರೆಯಾಗಿದ್ದ ಬಯಲು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಹಾರುವ ಮೊದಲೇ ಸಿಗುವ ಆ ನೋಟವನ್ನು ಹಲವರು ಹಾರಾಟಕ್ಕಿಂತ ಹೆಚ್ಚಾಗಿ ನೆನೆಯುತ್ತಾರೆ.

ಮೇಲೆ ಹೋದ ಮೇಲೆ ಗಾಳಿಯೇ ಪಾಠ. ಕಾದ ಬಂಡೆಯ ಮೇಲೆ ಹಾದರೆ ವಿಮಾನ ಏಳುತ್ತದೆ, ಕೆರೆಯ ಮೇಲೆ ಹಾದರೆ ಇಳಿಯುತ್ತದೆ. ಅಷ್ಟು ಹಗುರದ ವಿಮಾನದಲ್ಲಿ ನಂದಿಬೆಟ್ಟದ ಸೀಮೆಯ ಬಂಡೆ, ಕೆರೆ, ತೋಟಗಳ ಏರಿಳಿತವೆಲ್ಲ ಕೂತ ಜಾಗದಲ್ಲೇ ತಿಳಿಯುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡದು ಇಳಿಯುವುದು. ಮಧುರೆಯ ಹತ್ತಿರ ಪ್ರಸಿದ್ಧ ಶನಿಮಹಾತ್ಮ ದೇವಸ್ಥಾನವಿದೆ. ಶನಿಯ ವಾಹನ ಕಾಗೆ. ಕಾಗೆ ಗೋಡೆಯ ಮೇಲೆ ಇಳಿಯುವುದನ್ನು ಗಮನಿಸಿ. ಗಾಳಿಗೆ ಎದುರಾಗಿ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಎದೆ ಎತ್ತಿ, ಬಾಲ ಬಿಚ್ಚಿ, ಹಾರಾಟ ಮುಗಿದ ಅದೇ ಕ್ಷಣಕ್ಕೆ ಕಾಲು ಊರುತ್ತದೆ. ಮೂರು ಗಾಲಿಯೂ ಒಟ್ಟಿಗೆ ತಾಗುವ ಇಳಿತವೂ ಇದೇ. ನೆಲಕ್ಕೆ ಒಂದೆರಡು ಅಡಿ ಇರುವಾಗ ಪೈಲಟ್ ವಿಮಾನವನ್ನು ಇಳಿಯಲು ಬಿಡುವುದಿಲ್ಲ, ಹಿಡಿದೇ ಇರುತ್ತಾರೆ. ವೇಗ ಕರಗುತ್ತದೆ, ಮೂಗು ಏರುತ್ತದೆ, ಮುಂದೆ ಏನೂ ಕಾಣದಾಗುತ್ತದೆ, ಪಕ್ಕದ ಹುಲ್ಲು ನೋಡಿ ಎತ್ತರ ಅಳೆಯಬೇಕು. ರೆಕ್ಕೆ ಇನ್ನು ಸಾಧ್ಯವಿಲ್ಲ ಎಂದಾಗ ಮೂರೂ ಗಾಲಿ ಒಂದೇ ಸಲ ನೆಲ ಮುಟ್ಟಬೇಕು. ವೇಗ ಹೆಚ್ಚಿದ್ದರೆ ವಿಮಾನ ಚೆಂಡಿನಂತೆ ಪುಟಿಯುತ್ತದೆ. ಮುಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ. ನಿಲ್ಲುವವರೆಗೂ ಕಾಲು ಎಚ್ಚರವಾಗಿರಬೇಕು, ಗ್ರೌಂಡ್ ಲೂಪ್ ಕಾದಿರುತ್ತದೆ. ಇಷ್ಟೊಂದು ಎಚ್ಚರ ಕೇಳುವ ಕೆಲಸದಲ್ಲಿ ಬೇರೆ ಯೋಚನೆಗೆ ಜಾಗವಿಲ್ಲ. ಸಾಲ, ಜಗಳ, ನಾಳೆಯ ಚಿಂತೆ ಯಾವುದೂ ಆ ಅರ್ಧ ನಿಮಿಷದಲ್ಲಿ ಇರುವುದಿಲ್ಲ. ಅವರು ಹೇಳುವ ಸಂತೋಷ ಅದೇ ಎಂದು ನನಗೆ ಅನ್ನಿಸಿದೆ. ವಿಮಾನ ಕಷ್ಟದ್ದಾಗಿರುವುದಕ್ಕೂ ಸಂತೋಷಕ್ಕೂ ನೇರ ಸಂಬಂಧವಿದೆ.

ಹಾಗೆಂದು ಹಳತೆಲ್ಲ ಚಿನ್ನವೇ?

ಅಲ್ಲ. ಪುಷ್ಪಕ್ ಮೊದಲು ಹಾರಿದ 1958ರಲ್ಲೇ ಅಮೆರಿಕದಲ್ಲಿ ಸೆಸ್ನಾ 150 ತಯಾರಿಕೆ ಆರಂಭವಾಯಿತು. ಅದು ಮೂಗಿನ ಗಾಲಿಯದು. ಜಗತ್ತು ಯಾವ ಮಾದರಿಯನ್ನು ಬಿಡಲು ಶುರುಮಾಡಿತೋ ಅದನ್ನು ನಾವು ಆಗ ಕಟ್ಟಲು ಕೂತಿದ್ದೆವು ಎಂದು ಟೀಕಿಸುವವರಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಮೂಗಿನ ಗಾಲಿ ಬಂದ ಮೇಲೆ ನೆಲದ ಮೇಲಿನ ಅವಘಡಗಳು ಕಡಿಮೆಯಾದವು, ಕಲಿಯುವುದು ಸುಲಭವಾಯಿತು. ಜಕ್ಕೂರು ಸೇರಿದಂತೆ ನಮ್ಮ ಶಾಲೆಗಳೂ ಕಾಲಕ್ರಮದಲ್ಲಿ ಸೆಸ್ನಾಗೆ ಹೊರಳಿದವು. ಕಲಿಯುವ ಮಗುವಿನ ರೆಕ್ಕೆ ಮುರಿಯುವುದು ಯಾವ ಪರಂಪರೆಯ ಹೆಸರಲ್ಲೂ ಒಳ್ಳೆಯದಲ್ಲ. ಆದರೆ ನಮ್ಮ ದೇಶದ ಹೆಚ್ಚಿನ ಕ್ಲಬ್‌ಗಳ ಬಯಲು, ಖರ್ಚು, ದುರಸ್ತಿಯ ಸೌಕರ್ಯ ನೋಡಿದರೆ ಗಟ್ಟಿಮುಟ್ಟಾದ, ಬಟ್ಟೆ ಹರಿದರೆ ಹೊಲಿದು ಅಂಟಿಸಬಹುದಾದ ವಿಮಾನವನ್ನೇ ಆರಿಸಿದ್ದರಲ್ಲಿ ಅರ್ಥವಿತ್ತು.

ಅದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಇದೆ: ಆ ಎರಡನೇ ಸೀಟು ಯಾರಿಗೆ ಸಿಕ್ಕಿತು? ಶಾಲೆ ಸರ್ಕಾರದ್ದು, ಕ್ಲಬ್‌ಗಳಿಗೆ ಸಹಾಯಧನ ಇತ್ತು, ಎಲ್ಲ ನಿಜ. ಆದರೂ ಇಂಗ್ಲಿಷ್ ಬೇಕಿತ್ತು, ನಗರದ ಹತ್ತಿರದ ಮನೆ ಬೇಕಿತ್ತು, ಕೆಲವು ವರ್ಷ ದುಡಿಯದೆ ಇರಬಲ್ಲ ಅನುಕೂಲ ಬೇಕಿತ್ತು. ಉಷಾ ಸುಂದರಂ ಅವರಿಗೆ ಬಾಗಿಲು ತೆರೆದದ್ದರಲ್ಲಿ ಅವರ ಧೈರ್ಯದ ಜೊತೆಗೆ ಮನೆಯೊಳಗೇ ಗುರು ಇದ್ದ ಅದೃಷ್ಟವೂ ಇತ್ತು. ಜಕ್ಕೂರಿನಿಂದ ಮಧುರೆಗೆ ವಿಮಾನದಲ್ಲಿ ಹತ್ತು ನಿಮಿಷವೂ ಬೇಡ. ಆದರೂ ನನ್ನ ತಾಯಿಯ ತಂದೆಯ ಕಾಲಕ್ಕೆ ಅದು ದೇವಲೋಕದಷ್ಟು ದೂರ. ಗುಂಡಿಮಗ್ಗದಲ್ಲಿ ಪಳಗಿದ ಅಂಥ ಎಷ್ಟು ಕಾಲುಗಳು ಪೆಡಲ್ ಮೇಲೆ ಸೊಗಸಾಗಿ ಆಡುತ್ತಿದ್ದವೋ, ಯಾರೂ ಪರೀಕ್ಷಿಸಿ ನೋಡಲಿಲ್ಲ. ಇನ್ನೊಬ್ಬರಿಗೆ ಸದಾ ಜಾಗವಿರುವ ಪುಷ್ಪಕದ ಹೆಸರಿಟ್ಟ ಮೇಲೆ ಈ ಪ್ರಶ್ನೆಯನ್ನು ಕೇಳದೆ ಬಿಡಲಾಗದು.

ಉಳಿದದ್ದು, ಉಳಿಸಬೇಕಾದದ್ದು

ಇವತ್ತು ಎಚ್‌ಟಿ–2 ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಶಾಲಾ ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಂಡು ಜೆಟ್‌ಗಳ ಕಡೆ ಓಡುತ್ತಾರೆ. ವಸ್ತು ಉಳಿದಿದೆ, ಸರಿ. ಆದರೆ ನಿಂತ ವಿಮಾನದಿಂದ ಅದರ ಬಣ್ಣ, ಅಳತೆ ತಿಳಿಯಬಹುದೇ ಹೊರತು ಬಾಲ ಏಳುವ ಕ್ಷಣ ತಿಳಿಯುವುದಿಲ್ಲ. ಇದನ್ನು ಅರಿತವರು ನಮ್ಮಲ್ಲೂ ಇದ್ದಾರೆ. ವಾಯುಪಡೆಯ ವಿಂಟೇಜ್ ಪಡೆ ಒಂದು ಟೈಗರ್ ಮಾತ್ ಅನ್ನು ಮತ್ತೆ ಸಜ್ಜುಗೊಳಿಸಿ 2012ರ ವಾಯುಪಡೆ ದಿನಾಚರಣೆಯಲ್ಲಿ ಹಾರಿಸಿತು. ದೊಡ್ಡ ಬಾಲಗಾಲಿಯ ವಿಮಾನವಾದ ಡಕೋಟವೊಂದು 'ಪರಶುರಾಮ' ಎಂಬ ಹೆಸರಿನಲ್ಲಿ 2018ರಲ್ಲಿ ಭಾರತಕ್ಕೆ ಬಂದು ವಾಯುಪಡೆ ಸೇರಿತು, ಯಲಹಂಕದ ವೈಮಾನಿಕ ಪ್ರದರ್ಶನದಲ್ಲೂ ಹಾರಿತು. ಆ ಪ್ರದರ್ಶನದ ದಿನಗಳಲ್ಲಿ ಜೆಟ್‌ಗಳ ಗುಡುಗು ನಮ್ಮ ಊರಿನವರೆಗೂ ಬರುತ್ತದೆ. ಅದರ ನಡುವೆ ಡಕೋಟದ ಗೊರಗೊರ ಸದ್ದನ್ನು ಗುರುತಿಸಲು ಕಲಿಯುವುದೂ ಒಂದು ಬಗೆಯ ಇತಿಹಾಸ ಪಾಠವೇ.

ಎಚ್‌ಟಿ–2ನ್ನೋ ಪುಷ್ಪಕ್ಕನ್ನೋ ಹೀಗೆ ಹಾರುವ ಸ್ಥಿತಿಯಲ್ಲಿಡುವುದು ಖರ್ಚಿನ ಕೆಲಸ, ಒಪ್ಪಿದೆ. ಖರ್ಚಿಲ್ಲದ ಕೆಲಸ ಇನ್ನೊಂದಿದೆ. ಆ ವಿಮಾನಗಳಲ್ಲಿ ಕಲಿತವರು, ಕಲಿಸಿದವರು, ಬಟ್ಟೆ ಹೊದಿಸಿದವರು, ಪ್ರೊಪೆಲ್ಲರ್ ತಿರುಗಿಸಿದವರು ಈಗ ಎಂಬತ್ತರ ಆಚೆ ಈಚೆ ಇದ್ದಾರೆ. ಎಚ್‌ಎಎಲ್‌ನ ಶೆಡ್ಡುಗಳಲ್ಲಿ ಕನ್ನಡ ಮಾತಾಡಿಕೊಂಡೇ ಈ ವಿಮಾನಗಳು ತಯಾರಾದವು. ಆದರೆ ಆ ಅನುಭವದ ಬಗ್ಗೆ ಕನ್ನಡದಲ್ಲಿ ಬರೆದದ್ದು ತೀರಾ ಕಡಿಮೆ. ಗ್ರೌಂಡ್ ಲೂಪ್‌ಗೆ, ಮೂರು ಗಾಲಿಯ ಇಳಿತಕ್ಕೆ ಆ ಶೆಡ್ಡಿನವರು ಏನಾದರೂ ಒಂದು ಕನ್ನಡ ಮಾತು ಬಳಸಿಯೇ ಇದ್ದಾರು. ಅದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ನಿಮ್ಮ ಬೀದಿಯಲ್ಲಿ, ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಒಂದು ಮಧ್ಯಾಹ್ನ ಅವರ ಎದುರು ಕುರ್ಚಿ ಎಳೆದುಕೊಂಡು ಕೂರಿ. ಇಸವಿ ಕೇಳಬೇಡಿ, ಇಳಿಯುವುದು ಹೇಗೆಂದು ಕೇಳಿ. ಮೊಬೈಲ್ ಕ್ಯಾಮೆರಾವನ್ನು ಮುಖಕ್ಕಷ್ಟೇ ಹಿಡಿಯದೆ ಕಾಲಿಗೂ ಹಿಡಿಯಿರಿ.

ತರಬೇತಿ ವಿಮಾನಕ್ಕೂ ಬೇರೆ ವಿಮಾನಕ್ಕೂ ಇರುವ ದೊಡ್ಡ ವ್ಯತ್ಯಾಸ ಎರಡನೇ ಸೀಟು. ಅದು ಪ್ರಯಾಣಿಕರಿಗೆ ಇಟ್ಟದ್ದಲ್ಲ, ನಾಳೆ ಒಬ್ಬರೇ ಹಾರಬೇಕಾದವರಿಗೆ ಇಟ್ಟದ್ದು. ಕಲಿಕೆ ಪಕ್ಕಾ ಆಯಿತು ಎನಿಸಿದ ದಿನ ಗುರು ಬೆಲ್ಟ್ ಬಿಚ್ಚಿ, ಕೆಳಗಿಳಿದು, ಹುಲ್ಲಿನ ಅಂಚಿಗೆ ಹೋಗಿ ನಿಲ್ಲುತ್ತಾರೆ. ಖಾಲಿ ಸೀಟನ್ನು ಪಕ್ಕದಲ್ಲಿಟ್ಟುಕೊಂಡು ಶಿಷ್ಯೆ ಮೊದಲ ಸಲ ಒಬ್ಬಳೇ ಏರುತ್ತಾಳೆ. ಒಬ್ಬರ ಭಾರ ಇಳಿದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ.